ಹೊಸ ರೆಪ್ಲಿಕಾ ಕಾರಿನಲ್ಲಿ ಟೆಂಪರೇಚರ್ ಮುಳ್ಳು ಕುಣಿದರೆ: ಡೆಲಿವರಿಗೆ ಮುಂಚೆ ದೋಷ ಹುಡುಕುವ ಕ್ರಮ

ವರ್ಕ್‌ಶಾಪ್‌ನಲ್ಲಿ ಕಟ್ಟಿಸಿದ ರೆಪ್ಲಿಕಾ (ಹಳೆಯ ಹೆಸರಾಂತ ಕಾರಿನ ನಕಲು) ಸ್ಪೋರ್ಟ್ಸ್ ಕಾರನ್ನು ಬಿಡಿಸಿಕೊಳ್ಳುವ ದಿನ ಎಲ್ಲರ ಕಣ್ಣೂ ಪೇಂಟ್ ಮೇಲೆ, ಕ್ರೋಮ್ ಮೇಲೆ ಇರುತ್ತದೆ. ಕಾರ್ ಸ್ಟಾರ್ಟ್ ಆಗುತ್ತದೆ, ಸದ್ದು ಚೆನ್ನಾಗಿರುತ್ತದೆ, ಅಂಗಳದಲ್ಲೇ ಒಂದು ಸುತ್ತು ಹೊಡೆದು ಕೀ ತೆಗೆದುಕೊಳ್ಳುತ್ತಾರೆ. ದೋಷ ಕಾಣಿಸಿಕೊಳ್ಳುವುದು ಕತ್ತಲಾದ ಮೇಲೆ, ಮೊದಲ ಸಲ ಹೆಡ್‌ಲೈಟ್ ಹಾಕಿದಾಗ. ಅಷ್ಟು ಹೊತ್ತಿಗೆ ನೀವು ಹೈವೇ ಮೇಲೆ ಇರುತ್ತೀರಿ.

ಲಕ್ಷಣ ಹೀಗಿರುತ್ತದೆ. ಹಗಲಲ್ಲಿ ಟೆಂಪರೇಚರ್ ಮುಳ್ಳು ಮಧ್ಯದಲ್ಲಿ ತಣ್ಣಗೆ ಕೂತಿರುತ್ತದೆ. ಹೆಡ್‌ಲೈಟ್ ಹಾಕಿದ ತಕ್ಷಣ ಕೆಂಪು ಗೆರೆಯ ಕಡೆ ಏರುತ್ತದೆ. ಆರಿಸಿದರೆ ಇಳಿಯುತ್ತದೆ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾದರೆ ಇನ್ನೂ ಏರುತ್ತದೆ. ಪೆಟ್ರೋಲ್ ಮುಳ್ಳೂ ಅದರ ಜೊತೆ ಅಲುಗಾಡುತ್ತದೆ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡ್‌ನ ಮೀಟರ್ ಲೈಟುಗಳು ಮಂಕಾಗಿ ಹೊತ್ತಿಕೊಳ್ಳುತ್ತವೆ. ಒಂದು ಕಡೆಯ ಇಂಡಿಕೇಟರ್ ಬೇಗ ಬೇಗ ಮಿಟುಕುತ್ತದೆ.

ಇವೆಲ್ಲ ಬೇರೆ ಬೇರೆ ತೊಂದರೆ ಅನ್ನಿಸುತ್ತವೆ. ಹಾಗಾಗಿ ಒಬ್ಬರು ಥರ್ಮೋಸ್ಟಾಟ್ ಬದಲಾಯಿಸುತ್ತಾರೆ, ಇನ್ನೊಬ್ಬರು ಗೇಜ್ ಬದಲಾಯಿಸುತ್ತಾರೆ, ಮತ್ತೊಬ್ಬರು ಫ್ಲ್ಯಾಶರ್ ಬದಲಾಯಿಸುತ್ತಾರೆ. ಬಹಳ ಸಲ ಎಲ್ಲಕ್ಕೂ ಕಾರಣ ಒಂದೇ: ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ, ಸರಿಯಿಲ್ಲ. ಫೈಬರ್‌ಗ್ಲಾಸ್ ಬಾಡಿಯ ರೆಪ್ಲಿಕಾದಲ್ಲಿ ಯಾವ ವಿದ್ಯುತ್ ದೋಷ ಕಂಡರೂ ನಾನು ಮೊದಲು ನೋಡುವುದು ಅದನ್ನೇ. ಬೇರೆ ಪಾರ್ಟ್‌ಗೆ ದುಡ್ಡು ಕೊಡುವುದು ಅದಾದ ಮೇಲೆ.

ರೆಪ್ಲಿಕಾಗೇ ಯಾಕೆ ಹೀಗಾಗುತ್ತದೆ

ಪೋರ್ಷೆ 356 ಸ್ಪೀಡ್‌ಸ್ಟರ್ 1954ರಲ್ಲಿ ಬಂತು. ಅದರ ಬಾಡಿ ಉಕ್ಕಿನದು. 1962ರ ಎಸಿ ಕೋಬ್ರಾದ ಬಾಡಿ ಅಲ್ಯೂಮಿನಿಯಂನದು. ರೆಪ್ಲಿಕಾ ಕಟ್ಟುವವರು ಜಾಸ್ತಿ ಆರಿಸಿಕೊಳ್ಳುವುದು ಇಂಥ ಕಾರುಗಳನ್ನೇ. ಲೋಹದ ಬಾಡಿಯಲ್ಲಿ ದೀಪದ ಹೋಲ್ಡರ್ ಅನ್ನು ಮಡ್‌ಗಾರ್ಡ್‌ಗೆ ಸ್ಕ್ರೂ ಮಾಡಿದರೆ ಸಾಕು, ಕರೆಂಟ್ ಬಾಡಿಯ ಮೂಲಕವೇ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಪ್ರತಿ ದೀಪಕ್ಕೂ ಒಂದೇ ವೈರ್ ಎಳೆದರೆ ಆಯಿತು. ಹಳೆಯ ವೈರಿಂಗ್ ನಕ್ಷೆಗಳಲ್ಲಿ ಬಾಡಿ ಅರ್ಥ್‌ನ ಗುರುತು ಅಲ್ಲಲ್ಲಿ ಇರುವುದು ಇದಕ್ಕೇ.

ರೆಪ್ಲಿಕಾದಲ್ಲಿ ಅದೇ ಆಕಾರ, ಅದೇ ಬಾಗು, ಆದರೆ ಬಾಡಿ ಫೈಬರ್‌ನದು. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಕೆಳಗಿನ ಚಾಸಿಸ್ ಏನೋ ಉಕ್ಕಿನ ಪೈಪುಗಳದ್ದೇ. ಆದರೆ ಅದಕ್ಕೆ ಪೌಡರ್ ಕೋಟಿಂಗ್ ಆಗಿರುತ್ತದೆ, ಅದೂ ಕರೆಂಟ್ ಬಿಡುವುದಿಲ್ಲ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ಚಾಸಿಸ್‌ಗೆ ಅದರಿಂದಲೂ ಸಂಪರ್ಕ ಇಲ್ಲ. ಹೊಸ ಕಾರಿನಲ್ಲಿ ಎಲ್ಲವೂ ಹೊಳೆಯುತ್ತಿರುತ್ತದೆ. ಆ ಹೊಳಪೇ ಇಲ್ಲಿ ಅಡ್ಡ ಬರುವುದು.

ಕರೆಂಟ್ ಹೋಗುವುದಕ್ಕೆ ಎಷ್ಟು ದಾರಿ ಬೇಕೋ ವಾಪಸ್ ಬರುವುದಕ್ಕೂ ಅಷ್ಟೇ ದಾರಿ ಬೇಕು. ಬಚ್ಚಲಿನ ತೂಬು ಕಟ್ಟಿಕೊಂಡರೆ ನಲ್ಲಿಯ ನೀರು ನೆಲದ ಮೇಲೆ ಏರಿ ಸಿಕ್ಕ ಸಂದಿಯಲ್ಲಿ ನುಗ್ಗುವ ಹಾಗೆ, ಅರ್ಥ್ ಕಟ್ಟಿಕೊಂಡ ಕಡೆ ಕರೆಂಟ್ ಬೇರೆ ದೀಪಗಳ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಮೀಟರ್ ಲೈಟ್ ಹೊತ್ತುವುದು ಇದರಿಂದಲೇ.

ಭೋಸರಿಯಲ್ಲಿ ನೋಡಿದ ಕಾರ್

ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಲ್ಲಿ, ಸಣ್ಣ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ನಮ್ಮ ಕಡೆಯವರು ಬಹಳ ಜನ ಇದ್ದಾರೆ. ಅಂಥ ಒಬ್ಬ ಗೆಳೆಯ, ಗದಗಿನವನು, ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಭೋಸರಿಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಸ್ಪೀಡ್‌ಸ್ಟರ್ ಆಕಾರದ ಕಾರ್ ಕಟ್ಟಿಸಿದ. ಪೈಪ್ ಚಾಸಿಸ್, ಫೈಬರ್ ಬಾಡಿ. ಹಿಂದೆ ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್. ಬ್ಯಾಟರಿ ಮತ್ತು ರೇಡಿಯೇಟರ್ ಮುಂದಿನ ಮೂಗಿನಲ್ಲಿ. ಡೆಲಿವರಿಗೆ ಮುಂಚೆ ಒಂದು ಸಲ ನೋಡು ಅಂತ ನನ್ನನ್ನು ಕರೆದ.

ಕೆಲಸ ಅಚ್ಚುಕಟ್ಟಾಗಿತ್ತು. ವೆಲ್ಡಿಂಗ್ ನೋಡಿ ಖುಷಿಯಾಯಿತು. ವೈರಿಂಗ್ ಕೂಡ ಟೇಪ್ ಸುತ್ತಿ, ಕ್ಲಿಪ್ ಹಾಕಿ, ನೋಡಲು ಚೆಂದ ಮಾಡಿದ್ದರು. ಮಧ್ಯಾಹ್ನ ಎಂಜಿನ್ ಓಡಿಸಿದಾಗ ಮುಳ್ಳು ಮಧ್ಯದಲ್ಲೇ ನಿಂತಿತು. ಷೆಡ್‌ನ ಶಟರ್ ಇಳಿಸಿ ಹೆಡ್‌ಲೈಟ್ ಹಾಕಿಸಿದೆ. ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಕೂಲಿಂಗ್ ತೊಂದರೆ ಇರಬೇಕು, ದೊಡ್ಡ ಫ್ಯಾನ್ ಹಾಕೋಣ ಎಂಬ ಮಾತು ಬಂತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಎಂಜಿನ್, ರೇಡಿಯೇಟರ್, ಪೈಪುಗಳೆಲ್ಲ ಸೇರಿ ಹಲವು ಲೀಟರ್ ನೀರು ಇದೆ. ಸ್ವಿಚ್ ಒತ್ತಿದ ಕ್ಷಣದಲ್ಲಿ ಅಷ್ಟು ನೀರು ಹತ್ತಿಪ್ಪತ್ತು ಡಿಗ್ರಿ ಏರಲು ಸಾಧ್ಯವೇ ಇಲ್ಲ. ನಿಜವಾದ ಬಿಸಿ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೇ ಇಳಿಯುತ್ತದೆ. ಸ್ವಿಚ್ ಜೊತೆ ಹಾರುವ ಮುಳ್ಳು ಹೇಳುತ್ತಿರುವುದು ವೈರಿನ ಸುದ್ದಿ, ನೀರಿನ ಸುದ್ದಿ ಅಲ್ಲ. ಹಾಗಾಗಿ ಮೊದಲ ಸುಳಿವು ಮುಳ್ಳು ಎಲ್ಲಿದೆ ಅನ್ನುವುದಲ್ಲ, ಎಷ್ಟು ಬೇಗ ಅಲ್ಲಿಗೆ ಹೋಯಿತು ಅನ್ನುವುದು.

ಕಾರಣ ಹೀಗೆ. ಗೇಜ್‌ಗೆ ಮೂರು ಸಂಪರ್ಕ ಇರುತ್ತವೆ: ಇಗ್ನಿಷನ್, ಅರ್ಥ್ ಮತ್ತು ಎಂಜಿನ್ ಮೇಲಿನ ಸೆಂಡರ್ (ನೀರಿನ ಬಿಸಿ ಗುರುತಿಸುವ ಸೆನ್ಸರ್). ನೀರು ಬಿಸಿಯಾದಷ್ಟೂ ಸೆಂಡರ್‌ನ ರೆಸಿಸ್ಟನ್ಸ್ ಕಡಿಮೆಯಾಗುತ್ತದೆ. ಗೇಜ್ ತನ್ನ ಅರ್ಥ್ ಅನ್ನು ಸೊನ್ನೆ ಎಂದು ಹಿಡಿದು ಇದನ್ನು ಅಳೆಯುತ್ತದೆ. ಹೆಡ್‌ಲೈಟ್‌ನ ಕರೆಂಟ್ ಅದೇ ಕೆಟ್ಟ ಬೋಲ್ಟ್ ಮೂಲಕ ವಾಪಸ್ ಹೋಗುತ್ತಿದ್ದರೆ ಆ ಬೋಲ್ಟ್ ಸೊನ್ನೆಯಲ್ಲಿ ಇರುವುದಿಲ್ಲ, ಸ್ವಲ್ಪ ಮೇಲೆ ಏರಿರುತ್ತದೆ. ಸೆಂಡರ್ ಬದಲಾಗದೆ ಇದ್ದರೂ ಅದರ ರೆಸಿಸ್ಟನ್ಸ್ ಇಳಿದ ಹಾಗೆ ಗೇಜ್‌ಗೆ ಕಾಣುತ್ತದೆ. ಬಿಸಿ ಅಂತ ತೋರಿಸುತ್ತದೆ. ಪೆಟ್ರೋಲ್ ಮುಳ್ಳು ಏರುತ್ತದೋ ಇಳಿಯುತ್ತದೋ ಎನ್ನುವುದು ಅದರ ಸೆಂಡರ್ ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. 55 ವ್ಯಾಟ್‌ನ ಎರಡು ಬಲ್ಬ್ ಎಂದರೆ 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್. ಬೋಲ್ಟ್ ಹತ್ತಿರ 0.1 ಓಮ್ ರೆಸಿಸ್ಟನ್ಸ್ ಇದ್ದರೂ ಸಾಕು, 0.9 ವೋಲ್ಟ್ ಅಲ್ಲೇ ಬೀಳುತ್ತದೆ. 10 ಆಂಪಿಯರ್‌ನ ಫ್ಯಾನ್ ಕೂಡ ಅದೇ ಬೋಲ್ಟ್‌ಗೆ ಸೇರಿದ್ದರೆ ಅದು ಎರಡರಷ್ಟಾಗುತ್ತದೆ. ಎಂಜಿನ್ ತಣ್ಣಗೆ ಮಾಡಲು ಫ್ಯಾನ್ ಓಡುತ್ತಿದೆ, ಆದರೆ ಮುಳ್ಳು ಏರುತ್ತಿದೆ! ನೋಡಿದವರು ಗಾಬರಿಯಾಗುವುದು ಸಹಜ ಅಲ್ವಾ?

ಹಳೇ ಮಾದರಿಯ ಗೇಜ್ ಹಾಕಿದ್ದರೆ ಇನ್ನೊಂದು ವಿಷಯ ನೋಡಬೇಕು. ಅವುಗಳಿಗೆ ಸುಮಾರು 10 ವೋಲ್ಟ್ ಕೊಡುವ ಪುಟ್ಟ ಸ್ಟೆಬಿಲೈಸರ್ ಡಬ್ಬಿ ಇರುತ್ತದೆ. ಅದರ ಅರ್ಥ್ ಡಬ್ಬಿಯ ಲೋಹದ ಮೂಲಕವೇ ಆಗಬೇಕು. ಫೈಬರ್ ಡ್ಯಾಶ್‌ಗೆ ಅದನ್ನು ಸ್ಕ್ರೂ ಮಾಡಿದರೆ ಅರ್ಥ್ ಇರುವುದಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಗೇಜ್‌ಗಳಿಗೆ ಹೋಗುತ್ತದೆ. ಆಗ ಲೈಟ್ ಹಾಕಲಿ ಬಿಡಲಿ, ಎಲ್ಲ ಮುಳ್ಳುಗಳೂ ಯಾವಾಗಲೂ ಜಾಸ್ತಿಯೇ ತೋರಿಸುತ್ತವೆ.

ಅಳೆಯುವ ಕ್ರಮ

ಬೇಕಾದ ಸಾಮಾನು ಕಡಿಮೆ. ಒಂದು ಡಿಜಿಟಲ್ ಮಲ್ಟಿಮೀಟರ್, ಕಾರಿನ ಉದ್ದಕ್ಕೂ ಸಾಲುವಷ್ಟು 4 ಚದರ ಮಿಲಿಮೀಟರ್‌ನ ತಾಮ್ರದ ವೈರ್, ಎರಡು ಮೊಸಳೆ ಕ್ಲಿಪ್. ಪುಣೆಯ ಬುಧವಾರ ಪೇಠದ ತಪಕೀರ್ ಗಲ್ಲಿಯಲ್ಲಿ ಎಲ್ಲವೂ ಸಿಗುತ್ತದೆ. ಮೀಟರ್‌ನ ಮುಳ್ಳುಕಡ್ಡಿಗಳು ಉದ್ದ ಸಾಲದಿದ್ದರೆ ಅದಕ್ಕೂ ಒಂದು ವೈರ್ ಜೋಡಿಸಿಕೊಳ್ಳಿ.

ಮೊದಲು ಬ್ಯಾಟರಿ ನೋಡಿ. ಎಂಜಿನ್ ನಿಂತಿರುವಾಗ 12.6 ವೋಲ್ಟ್‌ನ ಆಸುಪಾಸು, ಓಡುವಾಗ 13.8ರಿಂದ 14.4 ಇದ್ದರೆ ಚಾರ್ಜಿಂಗ್ ಸರಿ ಇದೆ. ಇದು ಸರಿಯಿಲ್ಲದೆ ಮುಂದೆ ಅಳೆದು ಪ್ರಯೋಜನ ಇಲ್ಲ.

ಆಮೇಲೆ ಬೀಪ್ ಟೆಸ್ಟ್ ಮರೆತುಬಿಡಿ. ವೈರ್‌ಮನ್‌ಗಳು ಮೀಟರ್ ಅನ್ನು ಬೀಪ್‌ಗೆ ಇಟ್ಟು ಅರ್ಥ್ ಮುಟ್ಟಿಸಿ, ಸದ್ದು ಬಂದರೆ ಸರಿ ಇದೆ ಅನ್ನುತ್ತಾರೆ. ಆ ಟೆಸ್ಟ್‌ನಲ್ಲಿ ಮೀಟರ್ ಬಿಡುವ ಕರೆಂಟ್ ತೀರಾ ಕಡಿಮೆ. ವೈರಿನ ಒಂದೇ ಎಳೆ ಉಳಿದಿದ್ದರೂ, ಬೋಲ್ಟ್‌ನ ಥ್ರೆಡ್ ಮಾತ್ರ ಪೌಡರ್ ಕೋಟಿಂಗ್ ಕೊರೆದು ಲೋಹ ಮುಟ್ಟಿದ್ದರೂ ಬೀಪ್ ಬರುತ್ತದೆ. ಅದೇ ಬೋಲ್ಟ್ ಮೂಲಕ 9 ಆಂಪಿಯರ್ ಹೋಗಬೇಕಾದಾಗ ಸೋಲುತ್ತದೆ. ಅರ್ಥ್ ಅನ್ನು ಲೋಡ್ ಇರುವಾಗಲೇ ಅಳೆಯಬೇಕು.

ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಪೋಸ್ಟ್ ಮೇಲೆ. ಗಮನಿಸಿ, ಕ್ಲ್ಯಾಂಪ್ ಮೇಲಲ್ಲ, ಸೀಸದ ಪೋಸ್ಟ್ ಮೇಲೇ ಒತ್ತಬೇಕು. ಕ್ಲ್ಯಾಂಪ್ ಸಡಿಲ ಇದ್ದರೆ ಅದೂ ಗೊತ್ತಾಗಲಿ. ಕೆಂಪು ಕಡ್ಡಿ ಅನುಮಾನ ಇರುವ ಅರ್ಥ್ ಮೇಲೆ. ಈಗ ಹೆಡ್‌ಲೈಟ್ ಹಾಕಿ ಓದಿ. 0.1 ವೋಲ್ಟ್ ಒಳಗೆ ಇದ್ದರೆ ಬಹಳ ಒಳ್ಳೆಯದು. 0.2 ದಾಟಿದರೆ ಬಿಚ್ಚಿ ನೋಡಲೇಬೇಕು.

ಗೆಳೆಯನ ಕಾರಿನಲ್ಲಿ ಡ್ಯಾಶ್ ಹಿಂದಿನ ಅರ್ಥ್ ಬೋಲ್ಟ್ ಬರೀ ಇಗ್ನಿಷನ್‌ನಲ್ಲಿ 0.05 ತೋರಿಸಿತು. ಹೆಡ್‌ಲೈಟ್ ಹಾಕಿದಾಗ 0.9. ಫ್ಯಾನ್ ಕೂಡ ಓಡಿಸಿದಾಗ 1.8. ಮುಳ್ಳಿನ ಕುಣಿತಕ್ಕೂ ಈ ಅಂಕಿಗಳಿಗೂ ಹೆಜ್ಜೆ ಹೆಜ್ಜೆಗೆ ತಾಳೆಯಾಗುತ್ತಿತ್ತು.

ನಂತರ ಕೆಂಪು ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಬ್ಯಾಟರಿ ಕಡೆ ತನ್ನಿ. ಮೊದಲು ವೈರಿನ ಲಗ್ (ತುದಿಯ ಲೋಹದ ಬಳೆ) ಮೇಲೆ, ಆಮೇಲೆ ಬೋಲ್ಟ್‌ನ ತಲೆ ಮೇಲೆ, ಆಮೇಲೆ ಚಾಸಿಸ್ ಪೈಪ್‌ನಲ್ಲಿ ಪೇಂಟ್ ಇಲ್ಲದ ಒಂದು ಚುಕ್ಕೆಯ ಮೇಲೆ, ಕೊನೆಗೆ ಬ್ಯಾಟರಿ ಕೇಬಲ್ ಚಾಸಿಸ್‌ಗೆ ಸೇರುವ ಜಾಗದ ಮೇಲೆ. ಯಾವ ಎರಡು ಹೆಜ್ಜೆಗಳ ನಡುವೆ ಅಂಕಿ ಥಟ್ಟನೆ ಬಿತ್ತೋ ದೋಷ ಆ ನಡುವಿನಲ್ಲೇ ಇದೆ. ನಮಗೆ ಲಗ್ ಮತ್ತು ಬೋಲ್ಟ್ ಎರಡರ ಮೇಲೂ 0.9 ಬಂತು, ಪಕ್ಕದ ಪೈಪ್ ಮೇಲೆ 0.03. ಬೋಲ್ಟ್ ಬಿಚ್ಚಿದೆವು. ಲಗ್ ಕೆಳಗೆ ಕಪ್ಪು ಪೌಡರ್ ಕೋಟಿಂಗ್ ಒಂದು ಗೀರೂ ಇಲ್ಲದೆ, ಅಚ್ಚ ಹೊಸದಾಗಿ ಇತ್ತು. ವಾಷರ್‌ನ ದುಂಡು ಗುರುತು ಮಾತ್ರ ಅದರ ಮೇಲೆ ಮೂಡಿತ್ತು.

ಅಳೆದು ಸುಸ್ತಾದರೆ ಇನ್ನೊಂದು ಸುಲಭ ದಾರಿ ಇದೆ. 4 ಚದರ ಮಿಲಿಮೀಟರ್ ವೈರ್‌ನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಅನುಮಾನದ ಅರ್ಥ್‌ಗೆ ಕಚ್ಚಿಸಿ. ಲಕ್ಷಣ ತಕ್ಷಣ ಮಾಯವಾದರೆ ಜಾಗ ಸಿಕ್ಕಿತು. ವೈರ್ ಯಾವತ್ತೂ ನೆಗೆಟಿವ್‌ನಿಂದಲೇ ಹೊರಡಬೇಕು. ಪಾಸಿಟಿವ್‌ಗೆ ತಾಗಿಸಿದರೆ ವೈರ್ ಸುಟ್ಟು ಕೈಗೂ ಗಾಯವಾಗುತ್ತದೆ.

ಹಿಂಭಾಗದ ದೀಪಗಳು

ಮುಳ್ಳಿನ ಕುಣಿತ ಬರೀ ಗಾಬರಿ ಹುಟ್ಟಿಸುತ್ತದೆ. ಹಿಂಭಾಗದ ಅರ್ಥ್ ಜೀವ ತೆಗೆಯಬಹುದು. ಇದನ್ನು ಬಿಡಿಸಿ ಹೇಳುತ್ತೇನೆ.

ಹಿಂದಿನ ದೀಪದಲ್ಲಿ ಸಾಮಾನ್ಯವಾಗಿ ಎರಡು ತಂತಿಯ ಬಲ್ಬ್ ಇರುತ್ತದೆ, 21 ವ್ಯಾಟ್ ಬ್ರೇಕ್‌ಗೆ, 5 ವ್ಯಾಟ್ ಟೇಲ್‌ಗೆ. ಎರಡಕ್ಕೂ ಅರ್ಥ್ ಒಂದೇ. ಆ ಅರ್ಥ್ ಕಡಿದುಹೋಗಿದೆ ಎಂದುಕೊಳ್ಳಿ. ಹಗಲಲ್ಲಿ, ಲೈಟ್ ಆರಿರುವಾಗ ಬ್ರೇಕ್ ಒತ್ತಿದರೆ ಕರೆಂಟ್ 21 ವ್ಯಾಟ್ ತಂತಿಯಲ್ಲಿ ಬರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಪಕ್ಕದ 5 ವ್ಯಾಟ್ ತಂತಿಯಲ್ಲಿ ಹಿಮ್ಮುಖವಾಗಿ ನುಗ್ಗಿ, ಟೇಲ್ ಲೈಟ್ ವೈರ್ ಹಿಡಿದು ಮುಂದಕ್ಕೆ ಹೋಗಿ, ಮುಂದಿನ ಪಾರ್ಕಿಂಗ್ ದೀಪ ಮತ್ತು ಮೀಟರ್ ಲೈಟುಗಳ ಮೂಲಕ ಅವುಗಳ ಅರ್ಥ್‌ಗೆ ಇಳಿಯುತ್ತದೆ. ದಾರಿ ಇಕ್ಕಟ್ಟಾದ್ದರಿಂದ ಎಲ್ಲವೂ ಮಂಕಾಗಿ ಉರಿಯುತ್ತವೆ. ಹಿಂದೆ ನಿಂತು ನೋಡಿದವರಿಗೆ ಏನೋ ಕೆಂಪಗೆ ಕಾಣುತ್ತದೆ, ಬ್ರೇಕ್ ಲೈಟ್ ಬರುತ್ತಿದೆ ಎಂದು ಹೇಳಿಬಿಡುತ್ತಾರೆ.

ಈಗ ರಾತ್ರಿ ಲೈಟ್ ಹಾಕಿ. ಟೇಲ್ ವೈರ್‌ನಲ್ಲೂ 12 ವೋಲ್ಟ್ ಬಂತು. ಹಿಮ್ಮುಖದ ದಾರಿಯೂ ಮುಚ್ಚಿತು. ಟೇಲ್ ಲೈಟ್ ಇಲ್ಲ, ಬ್ರೇಕ್ ಒತ್ತಿದರೂ ಏನೂ ಇಲ್ಲ. ಕಾರಿನ ಹಿಂಭಾಗ ಪೂರ್ತಿ ಕತ್ತಲು. ಸೊಂಟದ ಎತ್ತರ ದಾಟದ ಕಾರ್ ಇದು. ಭೋಸರಿಯಿಂದ ನಾಶಿಕ್ ರಸ್ತೆಗೆ ಇಳಿದರೆ ಹಿಂದೆ ಲಾರಿಗಳೇ ಲಾರಿಗಳು. ಮುಂದೆ ಕೂತವನಿಗೆ ಹೆಡ್‌ಲೈಟ್ ಚೆನ್ನಾಗಿ ಬೀಳುತ್ತಿರುತ್ತದೆ, ಅವನಿಗೆ ಏನೂ ಗೊತ್ತಾಗುವುದಿಲ್ಲ.

ಗೆಳೆಯನ ಕಾರಿನಲ್ಲಿ ಆಗಿದ್ದು ಇದೇ. ಶಟರ್ ಇಳಿಸಿದ ಷೆಡ್‌ನಲ್ಲಿ ಲೈಟ್ ಹಾಕಿದಾಗ ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕೇ ಬೀಳಲಿಲ್ಲ. ಲೈಟ್ ಆರಿಸಿ, ಬ್ರೇಕ್ ಒತ್ತಿಸಿ, ಹಿಂದಿನ ಅರ್ಥ್ ಅಳೆದರೆ 10 ವೋಲ್ಟ್‌ಗಿಂತ ಜಾಸ್ತಿ. ಬೂಟ್‌ನ (ಡಿಕ್ಕಿಯ) ಕಾರ್ಪೆಟ್ ಎತ್ತಿದೆವು. ಕ್ರಿಂಪ್ ಚೆನ್ನಾಗಿ ಮಾಡಿದ್ದ ಲಗ್, ಹೊಸ ಸ್ಕ್ರೂ, ಗಟ್ಟಿಯಾಗಿ ಬಿಗಿದಿದ್ದರು. ಆದರೆ ಸ್ಕ್ರೂ ಹೋಗಿದ್ದು ಫೈಬರ್‌ನೊಳಗೆ. ಅದರ ತುದಿ ಚಕ್ರದ ಗೂಡಿನಲ್ಲಿ ಗಾಳಿಯಲ್ಲಿ ನಿಂತಿತ್ತು, ಸುತ್ತ ಎಲ್ಲೂ ಲೋಹ ಇರಲಿಲ್ಲ. ವೈರಿಂಗ್ ಮಾಡಿದವರು ವಿಜಯಪುರ ಕಡೆಯವರು, ತಗಡಿನ ಬಾಡಿಯ ಗಾಡಿಗಳಲ್ಲಿ ಪಳಗಿದ ಕೈ. ನಕ್ಷೆಯಲ್ಲಿ ಅರ್ಥ್ ಬಾಡಿಗೆ ಎಂದಿತ್ತು, ಅವರು ಬಾಡಿಗೇ ಕೊಟ್ಟಿದ್ದರು. ವಿಷಯ ತೋರಿಸಿದ ಕೂಡಲೇ ಅರ್ಥ ಮಾಡಿಕೊಂಡರು. ಉಳಿದ ಅರ್ಥ್‌ಗಳನ್ನು ಹುಡುಕಿ ಬಿಚ್ಚಿದ್ದು ಅವರೇ.

ಹಾಗಾಗಿ ನನ್ನ ಮಾತು ಇಷ್ಟು: ಡೆಲಿವರಿ ಸಂಜೆ ತೆಗೆದುಕೊಳ್ಳಿ, ಇಲ್ಲ ಕತ್ತಲು ಮಾಡಿದ ಷೆಡ್‌ನಲ್ಲಿ ಪರೀಕ್ಷೆ ಮಾಡಿ. ಲೈಟ್ ಹಾಕಿ, ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ, ಮೂರೂ ಒಟ್ಟಿಗೆ. ಒಂದೊಂದು ದೀಪವನ್ನು ಬೇರೆ ಬೇರೆ ನೋಡಿದರೆ ಈ ದೋಷ ತಪ್ಪಿಸಿಕೊಳ್ಳಬಹುದು.

ಎಂಜಿನ್‌ನ ಅರ್ಥ್

ಬ್ಯಾಟರಿ ಮುಂದೆ, ಎಂಜಿನ್ ಹಿಂದೆ ಇರುವ ಕಾರಿನಲ್ಲಿ ಇದನ್ನು ಬೇರೆಯಾಗಿಯೇ ಅಳೆಯಬೇಕು. ಫ್ಯುಯಲ್ ಪಂಪ್‌ನ ರಿಲೇ ತೆಗೆದು ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ. ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಪೋಸ್ಟ್, ಕೆಂಪು ಕಡ್ಡಿ ಎಂಜಿನ್ ಬ್ಲಾಕ್‌ನ ಬರಿ ಲೋಹ. ಒಬ್ಬರು ಸ್ಟಾರ್ಟರ್ ತಿರುಗಿಸಲಿ. 0.5 ವೋಲ್ಟ್ ದಾಟಬಾರದು, 0.2 – 0.3 ಇದ್ದರೆ ನೆಮ್ಮದಿ.

ಸ್ಟಾರ್ಟರ್ 100 ಆಂಪಿಯರ್‌ಗೂ ಮೇಲೆ ಎಳೆಯುತ್ತದೆ. ಎಂಜಿನ್‌ನ ಅರ್ಥ್ ಪಟ್ಟಿ (ಎಂಜಿನ್‌ಗೆ ಹಾಕುವ ದಪ್ಪ ಅರ್ಥ್ ಕೇಬಲ್) ಇಲ್ಲದಿದ್ದರೆ ಅಥವಾ ಪೇಂಟ್ ಮೇಲೆ ಕೂತಿದ್ದರೆ ಆ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ಹೋಗುತ್ತದೆ. ಕೇಬಲ್ ಕಾದು ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಹೊಸ ಕಾರಿನಲ್ಲಿ ಕ್ಲಚ್ ದಿನದಿಂದ ದಿನಕ್ಕೆ ಬಿಗಿಯಾಗುತ್ತಿದ್ದರೆ, ಆಕ್ಸಿಲರೇಟರ್ ಬಿಟ್ಟರೂ ಅಂಟಿಕೊಳ್ಳುತ್ತಿದ್ದರೆ, ಹೊಸ ಕೇಬಲ್ ಹಾಕುವ ಮುನ್ನ ಈ ಅರ್ಥ್ ಪಟ್ಟಿ ನೋಡಿ. ಕಾರಣ ಹಾಗೇ ಬಿಟ್ಟು ಕೇಬಲ್ ಮಾತ್ರ ಬದಲಾಯಿಸಿದರೆ ಅದೂ ಸುಡುತ್ತದೆ.

ಸರಿ ಮಾಡುವ ರೀತಿ

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಲಗ್ ಕೂರುವ ಜಾಗದಲ್ಲಿ ಕೋಟಿಂಗ್ ಅನ್ನು ಹೊಳೆಯುವ ಲೋಹ ಬರುವವರೆಗೆ ಕೆರೆಯಿರಿ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಮೇಲಿಂದ ಪೇಂಟ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಮೊದಲೇ ಪೇಂಟ್ ಹಚ್ಚಿದರೆ ಮಾಡಿದ ಕೆಲಸವೆಲ್ಲ ಹೋಯಿತು.

ಅದಕ್ಕಿಂತ ಒಳ್ಳೆಯದು ಚಾಸಿಸ್ ಪೈಪನ್ನು ನಂಬದೇ ಇರುವುದು. ಮೂಗಿನಲ್ಲಿ, ಡ್ಯಾಶ್ ಹಿಂದೆ, ಬೂಟ್‌ನಲ್ಲಿ ಒಂದೊಂದು ಹಿತ್ತಾಳೆಯ ಬಸ್‌ಬಾರ್ (ಹಲವು ವೈರ್ ಒಟ್ಟಿಗೆ ಸೇರಿಸುವ ಲೋಹದ ತುಂಡು) ಕೂರಿಸಿ, ಮೂರನ್ನೂ ದಪ್ಪ ಕೇಬಲ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಸೇರಿಸಿ. 16 ಚದರ ಮಿಲಿಮೀಟರ್ ಧಾರಾಳ. ಪ್ರತಿ ದೀಪದಿಂದಲೂ ಒಂದು ಕಪ್ಪು ವೈರ್ ಹತ್ತಿರದ ಬಸ್‌ಬಾರ್‌ಗೆ ಬರಲಿ. ಎಂಜಿನ್‌ಗೆ ಬೇರೆಯೇ ಕೇಬಲ್, 25 ಚದರ ಮಿಲಿಮೀಟರ್. ಫ್ಯಾನ್‌ನ ಅರ್ಥ್ ಗೇಜ್‌ಗಳ ಜೊತೆ ಸೇರದಿರಲಿ. ಎಂಜಿನ್ ಕಂಪ್ಯೂಟರ್‌ನ ಅರ್ಥ್ ವೈರ್‌ಗಳು ಮೂಲ ಕಾರಿನಲ್ಲಿ ಎಂಜಿನ್‌ನ ಯಾವ ಜಾಗದಲ್ಲಿ ಇದ್ದವೋ ಅಲ್ಲೇ ಇರಬೇಕು. ಅವುಗಳನ್ನು ಡ್ಯಾಶ್‌ಗೆ ತಂದರೆ ಫ್ಯಾನ್ ಓಡಿದಾಗಲೆಲ್ಲ ಐಡ್ಲಿಂಗ್ ಏರಿಳಿಯುವ ಹೊಸ ತಲೆನೋವು ಶುರುವಾಗಬಹುದು.

ಮುಂಬೈ, ಗೋವಾದಲ್ಲಿ ಕಾರ್ ಇಡುವವರು ತವರ ಲೇಪಿಸಿದ ತಾಮ್ರದ ವೈರ್ ಕೇಳಿ ಹಾಕಿಸಿಕೊಳ್ಳಿ. ಸಮುದ್ರದ ಗಾಳಿಗೆ ಬರಿ ತಾಮ್ರ ಪ್ಲಾಸ್ಟಿಕ್ ಒಳಗೇ ಹಸಿರುಗಟ್ಟುತ್ತಾ ಹೋಗುತ್ತದೆ. ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂಗೆ ತಾಗುವ ಕಡೆ ಇನ್ನೂ ಬೇಗ ತಿನ್ನುತ್ತದೆ.

ಡ್ಯಾಶ್ ಬೋಲ್ಟ್ ಕೆರೆದು ಬಿಗಿದ ಮೇಲೆ, ಲೈಟ್ ಮತ್ತು ಫ್ಯಾನ್ ಎರಡೂ ಓಡುವಾಗ ನಮಗೆ ಬಂದ ಓದು 0.04 ವೋಲ್ಟ್. ಮುಳ್ಳು ಕದಲಲಿಲ್ಲ.

ಬಿಸಿ ನಿಜವೇ ಆಗಿದ್ದರೆ

ಅರ್ಥ್ ಸರಿಯಾದ ಮೇಲೂ ಮುಳ್ಳು ನಿಧಾನಕ್ಕೆ ಏರುತ್ತಲೇ ಹೋದರೆ ಆಗ ಅದನ್ನು ನಂಬಬೇಕು. ಮೂಲ ಸ್ಪೀಡ್‌ಸ್ಟರ್‌ನ ಎಂಜಿನ್ ಗಾಳಿಯಿಂದ ತಣ್ಣಗಾಗುವುದು. ಅದಕ್ಕೆ ರೇಡಿಯೇಟರ್ ಇಲ್ಲ, ಅದಕ್ಕೇ ಮೂಗಿನಲ್ಲಿ ಗ್ರಿಲ್ ಕೂಡ ಇಲ್ಲ. ರೆಪ್ಲಿಕಾದಲ್ಲಿ ಆ ಮುಚ್ಚಿದ ಮೂಗಿನ ಹಿಂದೆ ರೇಡಿಯೇಟರ್ ಇಡುತ್ತಾರೆ. ಗಾಳಿ ಬರುವುದು ಬಂಪರ್ ಕೆಳಗಿನ ಸಣ್ಣ ಬಾಯಿಂದ ಮಾತ್ರ. ಬಂದ ಗಾಳಿ ರೇಡಿಯೇಟರ್ ಮೂಲಕವೇ ಹಾಯುವಂತೆ ಸುತ್ತ ತಗಡು, ಫೋಮ್ ಹಾಕಿ ಮುಚ್ಚಿರಬೇಕು. ಇಲ್ಲದಿದ್ದರೆ ಅಕ್ಕಪಕ್ಕದ ಸಂದಿಯಲ್ಲೇ ಜಾರಿಕೊಳ್ಳುತ್ತದೆ.

ಫ್ಯಾನ್ ಉಲ್ಟಾ ತಿರುಗುತ್ತಿದೆಯೇ ನೋಡಿ. ಎರಡು ವೈರ್ ಅದಲುಬದಲಾದರೆ ಸಾಕು, ಫ್ಯಾನ್ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ, ಕಾರ್ ಓಡುವಾಗ ಬರುವ ಗಾಳಿಗೆ ಎದುರಾಗಿ. ಮುಂದೆ ಒಂದು ಹಾಳೆ ಹಿಡಿದರೆ ಅದು ರೇಡಿಯೇಟರ್ ಕಡೆ ಅಂಟಬೇಕು.

ಹಿಂದಿನ ಎಂಜಿನ್‌ನಿಂದ ಮುಂದಿನ ರೇಡಿಯೇಟರ್‌ವರೆಗೆ ನೆಲದ ಕೆಳಗೆ ಉದ್ದದ ಪೈಪುಗಳಿವೆ. ಅಲ್ಲಿ ಗಾಳಿ ಸಿಕ್ಕಿಕೊಳ್ಳುವುದು ತೀರಾ ಸಾಮಾನ್ಯ. ಒಂದು ಪೈಪ್ ಸುಡುತ್ತಿದೆ, ವಾಪಸ್ ಬರುವ ಪೈಪ್ ತಣ್ಣಗೇ ಇದೆ ಎಂದರೆ ನೀರು ತಿರುಗುತ್ತಿಲ್ಲ. ನೀರು ತುಂಬುವ ಮುಚ್ಚಳ ಇಡೀ ಸರ್ಕ್ಯೂಟ್‌ನ ಎತ್ತರದ ಜಾಗವಾಗುವಂತೆ ಕಾರನ್ನು ಜಾಕ್ ಮಾಡಿ, ರೇಡಿಯೇಟರ್ ಮೇಲಿನ ಗಾಳಿ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ನೀರು ಬರುವ ತನಕ ಬಿಡಿ. ಆಮೇಲೆ ಥರ್ಮೋಸ್ಟಾಟ್ ತೆರೆಯುವವರೆಗೆ, ಅಂದರೆ ನೀರು 82ರಿಂದ 88 ಡಿಗ್ರಿ ಮುಟ್ಟುವವರೆಗೆ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ತುಂಬಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಆ ಮುಚ್ಚಳವನ್ನೂ ಪರೀಕ್ಷಿಸಿ: 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಇದ್ದರೆ ನೀರು ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಒತ್ತಡ ಸೋರಿದರೆ ಪುಣೆಯ ಎತ್ತರದಲ್ಲಿ 98 ಡಿಗ್ರಿಗೇ ಕುದಿಯಲು ಶುರು.

ಗೇಜ್ ಹೇಳುವುದನ್ನು ಇನ್ಫ್ರಾರೆಡ್ ಥರ್ಮಾಮೀಟರ್‌ನಿಂದ ತಾಳೆ ನೋಡುವುದು ಒಳ್ಳೆಯದು. ಆದರೆ ಹೊಳೆಯುವ ಅಲ್ಯೂಮಿನಿಯಂಗೆ ಅದನ್ನು ತೋರಿಸಿದರೆ ಕಡಿಮೆ ಓದುತ್ತದೆ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ.

ಉಳಿದದ್ದು

ಕಾಗದ ಪತ್ರ ದುಡ್ಡು ಕೊಡುವ ಮುನ್ನವೇ ನೋಡಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಯಲ್ಲಿ ಇರುವ ಹಾಗೆಯೇ ಇರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರ ಬದಲಾಯಿಸುವುದಕ್ಕೆ ಕಟ್ಟು ಹಾಕಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿ ಹಿಡಿದಿದೆ. ವರ್ಕ್‌ಶಾಪ್‌ನವರ ಬಾಯಿಮಾತು ಇಲ್ಲಿ ಸಾಲದು. ಚಕ್ರದ ನಟ್‌ಗಳನ್ನು ಮೊದಲ 50 – 100 ಕಿಲೋಮೀಟರ್ ಆದ ಮೇಲೆ ಟಾರ್ಕ್ ವ್ರೆಂಚ್‌ನಿಂದ ಮತ್ತೆ ಬಿಗಿಯಿರಿ. ಬ್ರೇಕ್ ಪೆಡಲ್ ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯಬಾರದು.

ಮೊದಲ ದೂರದ ಓಟಕ್ಕೆ ಪುಣೆಯಿಂದ ಬೆಳಗಾವಿ ಕಡೆ ಹೊರಡುವವರು ಸಾತಾರಾಕ್ಕೆ ಮುಂಚೆ ಖಂಬಾಟಕಿ ಘಾಟ್‌ನ ಏರು ರಸ್ತೆ ಹಿಡಿಯಿರಿ. ಲಾರಿಗಳ ಹಿಂದೆ ಎರಡನೇ ಗೇರ್‌ನಲ್ಲಿ, ಫ್ಯಾನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ ಆರಿಸಿ ನೋಡಿ. ಮುಳ್ಳು ಎರಡಕ್ಕೂ ಒಂದೇ ಕಡೆ ನಿಲ್ಲಬೇಕು.

ವರ್ಕ್‌ಶಾಪ್ ಬಿಡುವ ಮುನ್ನ ವೈರಿಂಗ್ ನಕ್ಷೆಯ ಒಂದು ಪ್ರತಿ ಕೇಳಿ ಪಡೆಯಿರಿ. ಎಲ್ಲ ಅರ್ಥ್ ಬೋಲ್ಟ್‌ಗಳನ್ನೂ ಅದರಲ್ಲಿ ಗುರುತು ಮಾಡಿಸಿ. ಪ್ರತಿಯೊಂದರ ಪಕ್ಕದಲ್ಲೂ ಲೋಡ್ ಇರುವಾಗ ಬಂದ ವೋಲ್ಟ್ ಬರೆದಿಡಿ. ಮೊದಲ ಮಳೆಗಾಲ ಮುಗಿದ ಮೇಲೆ ಅದೇ ಜಾಗಗಳನ್ನು ಅದೇ ಕ್ರಮದಲ್ಲಿ ಅಳೆಯಿರಿ. 0.2 ದಾಟಿದ ಬೋಲ್ಟ್ ಸಿಕ್ಕರೆ ಬಿಚ್ಚಿ, ಕೆರೆದು, ಮತ್ತೆ ಬಿಗಿಯಿರಿ.